ಕೆಂಚಿಯನ್ನು ಓಡಿಸಿದವನು

ಸುಂಕಪ್ಪ ಕೂತು ಎದ್ದ ಮೇಲೆ ಕುದುರೆಯ ಜೀನನ್ನು ತೊಳೆಯಬೇಕಿತ್ತು. ತೊಳೆಯುವವನೂ ಸುಂಕಪ್ಪನೇ. ಎರಡು ಕೊಡ ನೀರು ಹೊಯ್ದು ಉಜ್ಜಿ, ಲಾಯದ ಗೋಡೆಯ ಮೇಲೆ ಒಣಗಲು ಹಾಕಿ, ದೂರ ನಿಲ್ಲಬೇಕು. ಆಮೇಲೆ ಗುಮಾಸ್ತ ಪಂಚಾಕ್ಷರಯ್ಯ ಮೂಗು ಮುಚ್ಚಿಕೊಂಡು ಬಂದು ತಂಬಿಗೆಯಿಂದ ಗಂಜಲ ಚಿಮುಕಿಸುತ್ತಿದ್ದ. ಆಗ ಜೀನು ಶುದ್ಧ. ಸಾಹುಕಾರರ ಮಗ ಅದರ ಮೇಲೆ ಕೂರಬಹುದು.

"ತೊಗಲಿಗೆ ದಿನಾ ನೀರು ಹಾಕಿದ್ರ ಸೀಳತೈತ್ರಿ," ಎಂದು ಸುಂಕಪ್ಪ ಒಮ್ಮೆ ಹೇಳಿದ್ದ. ಅವನ ಅಪ್ಪ, ಅಜ್ಜ ನೀರೆತ್ತುವ ಕಪಿಲೆ ಬಾವಿಗಳಿಗೆ ತೊಗಲಿನ ಚೀಲ ಹೊಲಿದವರು. ತೊಗಲಿನ ಗುಣ ಅವನಿಗೆ ಗೊತ್ತಿತ್ತು.

"ಹೇಳಿದಷ್ಟು ಮಾಡಲೇ," ಅಂದ ಪಂಚಾಕ್ಷರಯ್ಯ.

ಜೀನು ವಿಲಾಯತಿಯದು. ಅದೂ ಸತ್ತ ದನದ ತೊಗಲೇ. ಅದನ್ನು ಸುಲಿದವರು ಯಾರು, ಹದ ಹಾಕಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಹಡಗು ಹತ್ತಿ ಬಂದ ತೊಗಲಿಗೆ ಮೈಲಿಗೆ ಇಲ್ಲ. ಮೈಲಿಗೆ ಇದ್ದದ್ದು ಮಾದಿಗರ ಸುಂಕಪ್ಪನ ಕುಂಡಿಗೆ.

ಇದು ಮೂವತ್ತೇಳನೇ ಇಸವಿಯ ಮಾತು. ಆ ವರ್ಷ ಹತ್ತಿಗೆ ಧಾರಣೆ ಏರಿತ್ತು. ಆದವಾನಿಯಲ್ಲಿ ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆ ಇಟ್ಟುಕೊಂಡಿದ್ದ ಸಾಹುಕಾರ ಕೊಟ್ರಬಸಪ್ಪನ ಕೈಯಲ್ಲಿ ರೊಕ್ಕ ಆಡಿತು. ರೊಕ್ಕ ಆಡಿದವನಿಗೆ ಬಿಳಿ ದೊರೆಗಳ ಪಕ್ಕ ಕುರ್ಚಿ ಬೇಕೆನಿಸಿತು. ದೊರೆಗಳು ಕುದುರೆ ಓಡಿಸುತ್ತಾರೆ. ಆದ್ದರಿಂದ ಅವನೂ ಬೆಂಗಳೂರಿನಿಂದ ಒಂದು ಹೆಣ್ಣು ಕುದುರೆ ತರಿಸಿದ. ಕಾಗದದಲ್ಲಿ ಅದಕ್ಕೆ ಒಂದು ಇಂಗ್ಲಿಷ್ ಹೆಸರಿತ್ತು. ಯಾರ ನಾಲಿಗೆಗೂ ಅದು ಹೊರಳಲಿಲ್ಲ. ಮೈಬಣ್ಣ ನೋಡಿ ಸುಂಕಪ್ಪ ಕೆಂಚಿ ಎಂದ. ಅದೇ ಉಳಿಯಿತು.

ಕೆಂಚಿ ಬಂದ ವಾರದಲ್ಲೇ ಅದನ್ನು ನೋಡಿಕೊಳ್ಳಲು ಇಟ್ಟ ಸಂಬಳದ ಸಾಯಿಸನ ಪಕ್ಕೆಲುಬು ಮುರಿಯಿತು. ಎರಡನೆಯ ಸಾಯಿಸ ಹೇಳದೆ ಕೇಳದೆ ಓಡಿಹೋದ. ಪಂಚಾಕ್ಷರಯ್ಯನ ಭುಜ ಕಚ್ಚಿತು. ಆ ಲಾಯಕ್ಕೆ ದಿನಾ ಹುಲ್ಲಿನ ಹೊರೆ ತಂದು ಹಾಕುತ್ತಿದ್ದವಳು ಸುಂಕಪ್ಪನ ತಾಯಿ ಪಕೀರಮ್ಮ. ಒಂದು ದಿನ ಅವಳಿಗೆ ಜ್ವರ. ಕಾರ್ಖಾನೆಯಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದ ಮಗ ಹೊರೆ ಹೊತ್ತು ಬಂದ. ಇಪ್ಪತ್ತೆರಡು ವರ್ಷದವನು. ಗಿಡ್ಡ ಆಳು, ಒಣ ಮೈ. ಹೊರೆ ಇಳಿಸುವ ಮೊದಲೇ ಕೆಂಚಿ ಕತ್ತು ಚಾಚಿ ಅವನ ತಲೆಯ ಮೇಲಿನ ಹುಲ್ಲನ್ನೇ ಎಳೆದು ತಿನ್ನತೊಡಗಿತು. ಅವನು ಹೆದರಲಿಲ್ಲ, ಗದರಿಸಲೂ ಇಲ್ಲ. ಅದು ತಿಂದು ಮುಗಿಸುವ ತನಕ ಹಾಗೇ ನಿಂತ.

ಮರುದಿನದಿಂದ ಅವನೇ ಸಾಯಿಸ. ಲದ್ದಿ ಬಳಿಯುವುದು, ಮೈ ತಿಕ್ಕುವುದು, ಗೊರಸಿನ ಕಲ್ಲು ತೆಗೆಯುವುದು, ಹುರುಳಿ ಬೇಯಿಸುವುದು. ಬೆಳಕು ಹರಿಯುತ್ತಲೇ ಕೋಟೆ ಗುಡ್ಡದ ಕೆಳಗಿನ ಬಯಲಿಗೆ ಒಯ್ದು ಓಡಿಸುವುದು. ಯಾರೂ ಅವನಿಗೆ ಕಲಿಸಲಿಲ್ಲ. ಮೊದಲ ತಿಂಗಳು ಬರೀ ಬೆನ್ನಿನ ಮೇಲೆ ಕೂತ. ತೊಡೆಯ ಒಳಗಿನ ಚರ್ಮ ಸುಲಿದು ರಕ್ತ ಬಂತು. ಎಣ್ಣೆ ಹಚ್ಚಿ ಮತ್ತೆ ಕೂತ. ಎಷ್ಟೋ ಸಲ ಬಿದ್ದ. ಆಮೇಲೆ ಬೀಳಲಿಲ್ಲ. ಲಗಾಮನ್ನು ಅವನು ಎಳೆಯುತ್ತಿರಲಿಲ್ಲ, ಬೆರಳಲ್ಲಿ ಸುಮ್ಮನೆ ಹಿಡಿದಿರುತ್ತಿದ್ದ. ಒಂದು ಬೆರಳು ಮಡಚಿದರೆ ಕೆಂಚಿ ತಿರುಗುತ್ತಿತ್ತು. ಎರಡು ಬೆರಳು ಬಿಟ್ಟರೆ ಹಾರುತ್ತಿತ್ತು. ಕುರಿ ಕಾಯುವ ಮಾರಣ್ಣ ಎಂಬ ಮುದುಕ ದಿನಾ ಬಯಲಂಚಿನಲ್ಲಿ ನಿಂತು ನೋಡುತ್ತಿದ್ದ. "ಏನಲೇ, ಕುದುರಿ ಮ್ಯಾಲ ಕುಂತೀಯೋ, ಕುದುರಿಗೇ ಹುಟ್ಟೀಯೋ!" ಅನ್ನುತ್ತಿದ್ದ. ಸುಂಕಪ್ಪನಿಗೆ ಸಿಕ್ಕ ಮೊದಲ ಬಹುಮಾನ ಅದು.

ಕೊಟ್ರಬಸಪ್ಪನ ಮಗ ಚಂದ್ರಣ್ಣನಿಗೆ ಇಪ್ಪತ್ತು ವರ್ಷ. ಇಂಗ್ಲಿಷ್ ಪೇಪರಿನಲ್ಲಿ ಒಬ್ಬ ಜಾಕಿಯ ಚಿತ್ರ ನೋಡಿದ್ದ. ತಾನೂ ಜಾಕಿ ಆಗುತ್ತೇನೆಂದ. ಮದ್ರಾಸಿನಿಂದ ಮೊಣಕಾಲುದ್ದದ ಬೂಟು ಬಂತು. ಹಳದಿ ರೇಷ್ಮೆ ಅಂಗಿ ಬಂತು. ಬೆಳ್ಳಿ ಹಿಡಿಯ ಚಾಟಿ ಬಂತು. ಜಾಕಿ ತೂಕ ಕಮ್ಮಿ ಇರಬೇಕೆಂದು ಯಾರೋ ಹೇಳಿದರು. ಅವನು ಹೋಳಿಗೆ ಬಿಟ್ಟ, ತುಪ್ಪ ಬಿಟ್ಟ, ಲಿಂಬೆಹಣ್ಣಿನ ಪಾನಕ ಕುಡಿದು ಆರು ತಿಂಗಳಲ್ಲಿ ಸುಂಕಪ್ಪನಷ್ಟೇ ಸಣ್ಣಗಾದ. ತಾಯಿ ಗುರುಬಸಮ್ಮ ಅತ್ತಳು. ಮಗನ ಉಪವಾಸದ ಸುದ್ದಿ ಇಡೀ ಊರಿಗೆ ಗೊತ್ತಾಯಿತು. ಸುಂಕಪ್ಪನ ತೂಕ ಹೇಗೆ ಕಮ್ಮಿ ಇದೆ ಎಂದು ಯಾರೂ ಕೇಳಲಿಲ್ಲ.

ಚಂದ್ರಣ್ಣ ಕೆಟ್ಟವನಲ್ಲ. ಏನೂ ಅಲ್ಲ. ಕುದುರೆ ಕಿವಿ ಅಲ್ಲಾಡಿಸಿದರೆ ಅವನ ಮುಖ ಬಿಳುಪೇರುತ್ತಿತ್ತು. ಹತ್ತಿದ ಮೇಲೆ ಜೀನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಸುಂಕಪ್ಪ ಲಗಾಮು ಹಿಡಿದು ಮುಂದೆ ನಡೆಯಬೇಕು, ಚಂದ್ರಣ್ಣ ಮೇಲೆ ಕೂತು ಚಾಟಿ ಬೀಸಬೇಕು. ಅದು ಅವನ ಸವಾರಿ.

ಸಾಹುಕಾರರ ಕಟ್ಟೆಯ ಮೇಲೆ ಸಂಜೆ ಇದರದೇ ಮಾತು. ಕೆಳಗೆ ಅಂಗಳದಲ್ಲಿ ಹುರುಳಿ ಹಸನು ಮಾಡುತ್ತ ಸುಂಕಪ್ಪ ಕೇಳಿಸಿಕೊಳ್ಳುತ್ತಿದ್ದ.

"ಜಾಕಿ ಆಗಾಕ ಏನು ಬೇಕು ಪಂಚಾಕ್ಷರಯ್ಯ?"

"ರೊಕ್ಕ ಬೇಕ್ರಿ. ಕುದುರಿ ಬೇಕು, ಜೀನು ಬೇಕು, ದೊಡ್ಡವ್ರ ಪರಿಚಯ ಬೇಕು. ಎಲ್ಲಾ ನಿಮ್ಮಲ್ಲಿ ಐತಲ್ರಿ."

"ಕೈಯಾಗ ವಿದ್ಯಾ ಇರಬೇಕು ಅಂತಾರಪ್ಪ."

"ವಿದ್ಯಾ ಕೊಂಡ್ರ ಬರ್ತೈತ್ರಿ. ಇಲ್ಲೀತನಕ ಯಾರ ಮನ್ಯಾಗೂ ಅದು ಸುಮ್ಮನ ಹುಟ್ಟಿಲ್ಲ."

ಕೊಟ್ರಬಸಪ್ಪ ನಕ್ಕ. ಸುಂಕಪ್ಪ ಕಲ್ಲು ಆರಿಸಿ ಹೊರಗೆ ಎಸೆದ.

ಜಾಕಿ ಎಂದರೇನೆಂದು ಅವನಿಗೆ ಹೇಳಿದವನು ಚಂದ್ರಣ್ಣನೇ. ಕುದುರೆ ಓಡಿಸುವುದೇ ಉದ್ಯೋಗ, ಅದಕ್ಕೆ ಸಂಬಳ, ಗೆದ್ದರೆ ಇನಾಮು, ಹೆಸರು ಪೇಪರಿನಲ್ಲಿ ಬರುತ್ತದೆ ಎಂದಿದ್ದ. ಸುಂಕಪ್ಪ ಬೆರಗಾದ. "ಕುದುರಿ ಮ್ಯಾಲ ಕುಂತದ್ದಕ್ಕ ಸಂಬಳ ಕೊಡ್ತಾರೇನ್ರಿ?" ಎಂದು ಎರಡು ಸಲ ಕೇಳಿದ. ಅವತ್ತಿನಿಂದ ಅವನ ಹೊಟ್ಟೆಯಲ್ಲಿ ಆ ಮಾತು ಬಿದ್ದಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಮಾಘ ಮಾಸ ಬಂತು. ಹತ್ತಿ ವ್ಯಾಪಾರಿಗಳು ಸೇರಿ ಗುಡ್ಡದ ಕೆಳಗಿನ ಬಯಲಲ್ಲಿ ಪಂದ್ಯ ಇಟ್ಟರು. ಬಳ್ಳಾರಿಯಿಂದ ದೊರೆಗಳು ಬರುವವರಿದ್ದರು. ಗೆದ್ದವನಿಗೆ ಬೆಳ್ಳಿ ಬಟ್ಟಲು. ಮದ್ರಾಸಿನಿಂದ ಒಬ್ಬ ಟ್ರೇನರ್ ಬರುತ್ತಾನೆ, ಗೆದ್ದ ಸವಾರನನ್ನು ಜಾಕಿ ಕೆಲಸ ಕಲಿಯಲು ಕರೆದುಕೊಂಡು ಹೋಗುತ್ತಾನೆ ಎಂದೂ ಸುದ್ದಿ. ಒಂದೇ ಕಟ್ಟಳೆ: ಸವಾರ ಕುದುರೆಯ ಮಾಲೀಕನಾಗಿರಬೇಕು, ಇಲ್ಲವೆ ಅವನ ಮಗನಾಗಿರಬೇಕು. ಆಳುಗಳು ಹತ್ತುವಂತಿಲ್ಲ.

ಪಂದ್ಯಕ್ಕೆ ಎಂಟು ದಿನ ಇರುವಾಗ ಚಂದ್ರಣ್ಣ ಬಿದ್ದ. ಪೆಟ್ಟೇನೂ ಆಗಲಿಲ್ಲ. ಆದರೆ ಮತ್ತೆ ಹತ್ತುವುದಿಲ್ಲ ಎಂದು ಕೋಣೆ ಸೇರಿಕೊಂಡ. ಕೊಟ್ರಬಸಪ್ಪ ಸುಂಕಪ್ಪನನ್ನು ದನದ ಕೊಟ್ಟಿಗೆಗೆ ಕರೆದ. ಪಂಚಾಕ್ಷರಯ್ಯ ಬಾಗಿಲಲ್ಲಿ ಕಾವಲು ನಿಂತ.

"ಸುಂಕ್ಯಾ, ಧೂಳಿಗೆ ಸವಾರ್ರೆಲ್ಲಾ ಮಾರಿಗೆ ಬಟ್ಟಿ ಕಟ್ಗೊಂತಾರ. ಕಣ್ಣಷ್ಟೇ ಕಾಣತಾವು. ಚಂದ್ರಣ್ಣನ ಅಂಗಿ ತೊಡು, ಬೂಟು ಹಾಕ್ಕೊ, ಟೋಪಿ ಇಟ್ಗೊ. ನೀನ ಓಡ್ಸು."

ಸುಂಕಪ್ಪ ತನ್ನ ಬರಿಗಾಲು ನೋಡಿಕೊಂಡ.

"ಗೆದ್ರ ಮದ್ರಾಸಿಗೆ ಕಳಿಸ್ತೀನಿ."

"ನನ್ನೇನ್ರಿ?"

"ನಿನ್ನs. ಕೊಟ್ರಬಸಪ್ಪ ಆಡಿದ ಮಾತು ತಪ್ಪಿಲ್ಲ."

"ಆಗ್ಲಿ ಧಣಿ," ಅಂದ ಸುಂಕಪ್ಪ.

ಪಂದ್ಯದ ದಿನ ಐದು ಕುದುರೆ ನಿಂತವು. ಹತ್ತಿ ಕಂಪನಿಯ ಬಿಳಿ ಏಜೆಂಟನದು ಒಂದು, ಇತರ ವ್ಯಾಪಾರಿಗಳವು ಮೂರು. ಸುಂಕಪ್ಪ ಹುಟ್ಟಿದಾಗಿನಿಂದ ಬೂಟು ಹಾಕಿದವನಲ್ಲ. ಬೂಟಿನೊಳಗೆ ಅವನ ಕಾಲ್ಬೆರಳು ಉಸಿರು ಕಟ್ಟಿದಂತೆ ಮಡಚಿಕೊಂಡವು. ನೆಲ ಗೊತ್ತಾಗಲಿಲ್ಲ, ಕುದುರೆಯ ಪಕ್ಕೆ ಗೊತ್ತಾಗಲಿಲ್ಲ. ಮೊದಲ ಸುತ್ತಿನಲ್ಲಿ ಕೆಂಚಿ ಮೂರನೆಯದಾಗಿತ್ತು. ಆಗ ಅವನು ರಿಕಾಬಿನಿಂದ ಕಾಲು ತೆಗೆದ. ಮೊಣಕಾಲನ್ನು ಮೇಲೆಳೆದುಕೊಂಡು ದಿನಾ ಕೂರುವ ಹಾಗೆ ಕೂತ. ಎದೆಯನ್ನು ಕುದುರೆಯ ಕತ್ತಿಗೆ ಒರಗಿಸಿದ. ಎರಡು ಬೆರಳು ಬಿಟ್ಟ.

ಆಮೇಲಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಏಜೆಂಟನ ಕರಿ ಕುದುರೆಯ ಬಾಯಿನೊರೆ ಅವನ ಮುಖದ ಬಟ್ಟೆಗೆ ಹಾರಿತು. ಅದು ಹಿಂದೆ ಬಿತ್ತು. ಚಾಟಿ ಬೆಲ್ಟಿನಲ್ಲೇ ಇತ್ತು, ಅವನು ಮುಟ್ಟಲೇ ಇಲ್ಲ. ಗೆರೆ ದಾಟಿದಾಗ ಹಿಂದಿನ ಕುದುರೆ ನಾಲ್ಕು ಮಾರು ದೂರವಿತ್ತು. ಜನ "ಚಂದ್ರಣ್ಣ! ಚಂದ್ರಣ್ಣ!" ಎಂದು ಕೂಗುತ್ತಿದ್ದರು. ಟೋಪಿಗಳು ಹಾರಿದವು.

ಡೇರೆಯ ಹಿಂದೆ ಕೊಟ್ರಬಸಪ್ಪ ಕಾಯುತ್ತಿದ್ದ. "ಜಲ್ದಿ ಬಿಚ್ಚು, ಜಲ್ದಿ!"

ಸುಂಕಪ್ಪ ಅಂಗಿ ಬಿಚ್ಚಿದ. ಅದು ಬೆವರಲ್ಲಿ ನೆನೆದು ಮೈಗೆ ಅಂಟಿತ್ತು. ಚಂದ್ರಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು ಮುಖ ಹಿಂಡಿದ.

"ಅಪ್ಪಾಜಿ, ವಾಸ್ನಿ ಬರ್ತೈತಿ. ನಾ ಹ್ಯಾಂಗ ಹಾಕ್ಕೊಳ್ಳಿ?"

"ಹಾಕ್ಕೊಳೋ, ದೊರಿಗುಳು ಕಾಯಾಕತ್ತಾರ!"

ಪಂಚಾಕ್ಷರಯ್ಯ ಅತ್ತರಿನ ಬಾಟ್ಲಿಯನ್ನೇ ಸುರಿದ. ಚಂದ್ರಣ್ಣ ಉಸಿರು ಬಿಗಿಹಿಡಿದು ಅಂಗಿ ತೊಟ್ಟ. ಹೊರಗೆ ಹೋಗಿ ಬಟ್ಟಲು ತೆಗೆದುಕೊಂಡ. ಚಪ್ಪಾಳೆ ಬಿತ್ತು. ಡೇರೆಯ ಹಿಂದೆ ಲಂಗೋಟಿಯಲ್ಲಿ ನಿಂತು ಸುಂಕಪ್ಪ ಕೆಂಚಿಯ ಮೈ ಒರೆಸಿದ. ತನ್ನ ಬೆವರಿಗೆ ಹೊಡೆದ ಚಪ್ಪಾಳೆಯನ್ನು ಬಟ್ಟೆಯ ಆಚೆಯಿಂದ ಕೇಳಿದ.

ಸ್ವಲ್ಪ ಹೊತ್ತಿಗೆ ಟ್ರೇನರ್ ಅಲ್ಲಿಗೇ ಬಂದ. ಕೆಂಪು ಮುಖ, ಬೆಂಗಳೂರು ದಂಡಿನಲ್ಲಿ ಬೆಳೆದವನು, ಕನ್ನಡ ಬರುತ್ತಿತ್ತು. ಕುದುರೆಯ ಕಾಲು ಮುಟ್ಟಿ ನೋಡಿದ. ಆಮೇಲೆ ಸುಂಕಪ್ಪನ ಮುಖ ನೋಡಿದ. ನೋಡುತ್ತಲೇ ಜೋರಾಗಿ ನಕ್ಕ. ಸುಂಕಪ್ಪನ ಹಣೆ, ಕಣ್ಣಿನ ಸುತ್ತ ಬೂದಿಯಂಥ ಧೂಳು ಕೂತಿತ್ತು. ಮೂಗಿನಿಂದ ಕೆಳಗೆ, ಬಟ್ಟೆ ಕಟ್ಟಿದ್ದ ಕಡೆ, ಮುಖ ಸ್ವಚ್ಛವಿತ್ತು. ಬಟ್ಟಲು ತೆಗೆದುಕೊಂಡ ಚಂದ್ರಣ್ಣನ ಮುಖದಲ್ಲಿ ಎಲ್ಲಿಯೂ ಧೂಳಿರಲಿಲ್ಲ.

"ಓಡಿಸಿದ್ದು ನೀನು," ಅಂದ ಟ್ರೇನರ್.

ಸುಂಕಪ್ಪ ಕೆಂಚಿಯ ಕತ್ತು ಒರೆಸುತ್ತಲೇ ಇದ್ದ.

"ಕೈ ತೋರಿಸು." ನೋಡಿ, ಬೆರಳು ಒಂದೊಂದೇ ಮಡಚಿ ಬಿಟ್ಟ. "ಇಂಥ ಕೈ ನಾನು ಮೂರು ನೋಡಿದೀನಿ. ಅಷ್ಟೇ."

"ಹಂಗಾದ್ರ ನನ್ನ ಕರಕೊಂಡು ಹೋಗ್ರಿ ದೊರೀ."

"ನಿನ್ನ ಕರಕೊಂಡು ಹೋದ್ರೆ ನಿನ್ನ ಊಟಕ್ಕೆ ಯಾರು ಕೊಡ್ತಾರೆ? ಬೂಟು, ಜೀನು, ಲೈಸೆನ್ಸು? ನಿನಗೆ ಕುದುರೆ ಕೊಡೋ ಮಾಲೀಕ ಯಾರು? ನೋಡಪ್ಪ, ಒಳ್ಳೆ ಕೈ ಬೇಕು ಅಂದ್ರೆ ಯಾವ ಲಾಯದಲ್ಲಾದ್ರೂ ಹುಡುಕಿದ್ರೆ ಸಿಗುತ್ತೆ. ಎರಡು ಸಾವಿರ ಎಣಿಸಿ ಕೊಡೋ ಅಪ್ಪ ಸಿಗೋದು ಕಷ್ಟ. ನಿಮ್ಮ ಸಾವ್ಕಾರ್ರು ಅದನ್ನೂ ಕೊಟ್ಟರು, ಕುದುರೆನೂ ಕೊಟ್ಟರು."

"ಚಂದ್ರಣ್ಣಗ ಓಡ್ಸಾಕ ಬರಂಗಿಲ್ರಿ."

"ಗೊತ್ತು." ಟ್ರೇನರ್ ಚುಟ್ಟ ಹಚ್ಚಿದ. "ನೀನೂ ಬಾ, ಸಾಯಿಸ ಆಗಿ. ಬೆಳಿಗ್ಗೆ ಕುದುರೆ ತಯಾರು ಮಾಡೋದು ನೀನು. ಹೆಸರು ಅವನದು ಇರಲಿ. ನಿನಗೆ ಹೆಸರು ಯಾಕೆ?"

ಸುಂಕಪ್ಪ ಅವನ ಬೂಟಿನ ತುದಿ ನೋಡಿದ. ಕೈ ನೋಡಿ ಗುರುತು ಹಿಡಿಯಬಲ್ಲವನು. ನಾಚಿಕೆಯಿಲ್ಲದವನು. ಕಣ್ಣಿಲ್ಲದ ಕೊಟ್ರಬಸಪ್ಪನಿಗಿಂತ ಇವನು ಕಡೆ ಎನಿಸಿತು.

ಸಾಹುಕಾರನನ್ನೂ ಕೇಳಿದ. "ಮದ್ರಾಸಿಗೆ ಕಳಿಸ್ತೀನಿ ಅಂದಿದ್ರಿ ಧಣಿ."

"ಕಳಿಸಾಕತ್ತೀನಲ್ಲೋ! ಶುಕ್ರಾರ ಕೆಂಚಿ ಜೋಡಿ ನೀನೂ ಹೊಂಟೀದಿ. ಲದ್ದಿ ಬಳಿಯೋರು ಬ್ಯಾಡೇನು ಅಲ್ಲಿ?" ಎಂದು ಕೊಟ್ರಬಸಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಮಾತು ತಪ್ಪಲಿಲ್ಲ ನೋಡಿ, ಸಾಹುಕಾರ.

ಪಕೀರಮ್ಮ ಎಲ್ಲ ಕೇಳಿ ಒಲೆಗೆ ಉಗುಳಿದಳು. "ಹೋಗಬ್ಯಾಡ."

"ಹೋಗ್ತೀನಿ ಯವ್ವಾ. ಅಲ್ಲಿ ಯಾರಾದ್ರೂ ನೋಡ್ತಾರು."

"ಇಲ್ಲಿ ಯಾರೂ ನೋಡಿಲ್ಲೇನು? ನೋಡಿದವನs ನಿನಗ ಸಾಯಿಸ ಆಗು ಅಂದಾನ."

ಆದರೂ ಶುಕ್ರವಾರ ಬೆಳಿಗ್ಗೆ ಅವನು ಸ್ಟೇಷನ್ನಿಗೆ ಹೋದ. ಹೋಗುವ ಮನಸ್ಸಿನಿಂದಲೇ ಹೋದ, ಅದನ್ನು ಮುಚ್ಚಿಡುವುದೇಕೆ. ಜಾಕಿಗಳ ಊರನ್ನು ಒಮ್ಮೆ ಕಣ್ಣಿಂದ ನೋಡುವ ಆಸೆ ಅಷ್ಟಿತ್ತು. ಮದ್ರಾಸ್ ಗಾಡಿಗೆ ಕುದುರೆಯ ಡಬ್ಬಿ ಹಚ್ಚಿದ್ದರು. ಹಲಗೆ ಇಳಿಬಿಟ್ಟಿದ್ದರು. ಪ್ಲಾಟ್‌ಫಾರ್ಮಿನ ತುಂಬ ಜನ. ಚಂದ್ರಣ್ಣ ಹಾರಗಳಲ್ಲಿ ಮುಳುಗಿದ್ದ. ವ್ಯಾಪಾರಿಗಳು ಬಂದಿದ್ದರು. ಬಳ್ಳಾರಿಯಿಂದ ಫೋಟೋದವನೂ ಬಂದಿದ್ದ. ಪಕೀರಮ್ಮ ಕಟಕಟೆಯ ಆಚೆ ನಿಂತಿದ್ದಳು.

ಗಾಡಿ ಹೊರಡುವ ಮೊದಲು ಒಂದು ಫೋಟೋ ಬೇಕು. ಚಂದ್ರಣ್ಣ ಬಟ್ಟಲು ಹಿಡಿದು ಕೆಂಚಿಯ ಪಕ್ಕ ನಿಲ್ಲಬೇಕು. ಅವನು ಹತ್ತಿರ ಬಂದರೆ ಕೆಂಚಿ ಕಿವಿ ಹಿಂದಕ್ಕೆ ಹಾಕಿ ಕುಣಿಯಿತು.

"ಸುಂಕ್ಯಾ, ಹಿಡಕೊಲೇ," ಅಂದ ಪಂಚಾಕ್ಷರಯ್ಯ.

ಹಿಡಿದ. ಕೆಂಚಿ ನಿಂತಿತು.

ಕರಿ ಬಟ್ಟೆಯೊಳಗಿಂದ ಫೋಟೋದವನು ಕೈ ಆಡಿಸಿದ. "ಆ ಆಳು ಕಾಣತಾನ. ಸರಸ್ರಿ ಅವನ್ನ."

"ಬಿಟ್ರ ಕುದುರಿ ನಿಲ್ಲಂಗಿಲ್ಲಪ್ಪ," ಅಂದ ಕೊಟ್ರಬಸಪ್ಪ. "ಸುಂಕ್ಯಾ, ಕೆಳಗ ಕುಂಡ್ರು. ಹೊಟ್ಟಿ ಕೆಳಗ. ಅಲ್ಲಿಂದ ಹಗ್ಗ ಹಿಡಿ."

ಸುಂಕಪ್ಪ ಕುದುರೆಯ ಹೊಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತ.

"ತಲಿ ಕಾಣತೈತಿ."

"ಬಗ್ಗಲೇ! ಇನ್ನೂ ಬಗ್ಗು!"

ಬಗ್ಗಿದ. ಗದ್ದ ಮೊಣಕಾಲಿಗೆ ತಾಗಿತು. ಹಗ್ಗ ಹಿಡಿದ ಕೈ ಕೆಂಚಿಯ ಮುಂಗಾಲಿನ ಹಿಂದೆ ಅಡಗಿತ್ತು. ಆಗತಾನೇ ಹಾಕಿದ ಲದ್ದಿ ಅವನ ಹಿಮ್ಮಡಿಗೆ ಬಿಸಿಯಾಗಿ ತಾಗಿತು. ಅಲ್ಲಿಂದ ಅವನಿಗೆ ಕಂಡದ್ದು ಬರೀ ಕಾಲುಗಳು. ವ್ಯಾಪಾರಿಗಳ ಜೋಡು, ಟ್ರೇನರನ ಬೂಟು, ಚಂದ್ರಣ್ಣನ ಮೊಣಕಾಲುದ್ದದ ಬೂಟು. ತನ್ನ ಬೆವರು ಕುಡಿದ ಬೂಟು. ಮೇಲೆ ಕೊಟ್ರಬಸಪ್ಪ ಯಾರಿಗೋ ಹೇಳುತ್ತಿದ್ದ, "ವಿದ್ಯಾ ಅನ್ನೋದು ರಕ್ತದಾಗ ಬರಬೇಕ್ರಿ. ನಮ್ಮ ಹುಡುಗನ ಕೈ ನೋಡಿದ್ರೆಲ್ಲ ಅವತ್ತು!"

ಸುಂಕಪ್ಪ ಹಗ್ಗ ಬಿಟ್ಟ.

ಕೆಂಚಿ ಮುಂಗಾಲೆತ್ತಿತು. ಚಂದ್ರಣ್ಣ ಬಟ್ಟಲು ಕೆಡವಿ ಫೋಟೋದವನ ಮೇಲೆ ಬಿದ್ದ. ಮೂರು ಕಾಲಿನ ಪೆಟ್ಟಿಗೆ ಉರುಳಿತು. ಜನ ಚದುರಿದರು. ಸುಂಕಪ್ಪ ಹೊಟ್ಟೆಯ ಕೆಳಗಿನಿಂದ ಹೊರಗೆ ಬಂದು ನೆಟ್ಟಗೆ ನಿಂತ. ಹಿಮ್ಮಡಿಯ ಲದ್ದಿಯನ್ನು ಪ್ಲಾಟ್‌ಫಾರ್ಮಿನ ಕಲ್ಲಿಗೆ ಒರೆಸಿದ.

"ಏನಾಗೈತಲೇ ನಿನಗ? ಹಿಡಿ! ಡಬ್ಬಿಗಿ ಏರ್ಸು, ಟೈಮಾತು!"

"ನಾ ಏರಸಂಗಿಲ್ಲ."

"ಏನಂದಿ?"

"ನಿಮ್ಮ ಮಗ ಓಡಿಸಿದ ಕುದುರಿ. ಅವ್ರs ಏರಿಸ್ಲಿ."

ಗಟ್ಟಿಯಾಗಿ ಹೇಳಲಿಲ್ಲ. ಆದರೂ ಪ್ಲಾಟ್‌ಫಾರ್ಮಿನವರಿಗೆಲ್ಲ ಕೇಳಿಸಿತು. ನಾಲ್ಕು ದಿನದ ಹಿಂದೆ ಇದೇ ಕುದುರೆಯ ಮೇಲೆ ನಾಲ್ಕು ಮಾರು ಮುಂದೆ ಬಂದವನು ಎದುರಿಗೇ ಇದ್ದಾನೆ. ಹಗ್ಗ ಹಿಡಿದು ಹಲಗೆ ಹತ್ತಿಸುವುದು ಎಷ್ಟರ ಕೆಲಸ? ಎಲ್ಲರೂ ಚಂದ್ರಣ್ಣನನ್ನು ನೋಡಿದರು. ಅವನು ಅಪ್ಪನನ್ನು ನೋಡಿದ. ಎರಡು ಹೆಜ್ಜೆ ಮುಂದೆ ಹೋದ. ಕೆಂಚಿ ಹಲ್ಲು ತೋರಿಸಿತು. ನಾಲ್ಕು ಹೆಜ್ಜೆ ಹಿಂದೆ ಬಂದ.

ಕಟಕಟೆಯ ಆಚೆಯಿಂದ ಪಕೀರಮ್ಮ ಕೂಗಿದಳು, "ಏರಸ್ರೀ ಜಾಕಿ ಸಾಹೇಬ್ರ! ರೊಕ್ಕ ತೋರಸ್ರಿ, ಏರತೈತಿ!"

ಯಾರೋ ಕಿಸಕ್ಕನೆ ನಕ್ಕರು. ಆರು ಜನ ಹಗ್ಗ ಹಾಕಿ ಎಳೆದರು. ಇಬ್ಬರಿಗೆ ಒದೆ ಬಿತ್ತು. ಗಾರ್ಡು ಗಡಿಯಾರ ನೋಡಿ ಸೀಟಿ ಊದಿದ. ಟ್ರೇನರ್ ಗಾಡಿಯ ಬಾಗಿಲಲ್ಲಿ ನಿಂತು ಹೇಳಿದ: "ಸಾವ್ಕಾರ್ರೇ, ಕುದುರೆ ಇಲ್ಲದೆ ನಿಮ್ಮ ಹುಡುಗ ನನಗೆ ಬೇಡ. ಬರೋ ಶುಕ್ರವಾರದ ಗಾಡಿಗೆ ಎರಡನ್ನೂ ಕಳಿಸಿ. ಇಲ್ಲ ಅಂದ್ರೆ ಬಿಟ್ಟುಬಿಡಿ."

ಗಾಡಿ ಹೋಯಿತು. ಸುಂಕಪ್ಪ ಕೇರಿಯ ಕಡೆ ನಡೆದ. ಕೆಂಚಿ ಹಗ್ಗ ಎಳೆದುಕೊಂಡು ಅವನ ಹಿಂದೆ ಹೊರಟಿತು. ಅವನು ಒಮ್ಮೆಯೂ ತಿರುಗಿ ಕರೆಯಲಿಲ್ಲ.

ಮಧ್ಯಾಹ್ನ ಕಾರ್ಖಾನೆಯ ನಾಲ್ಕು ಆಳುಗಳು ಬಂದು ಅವನನ್ನು ಹತ್ತಿ ಗೋದಾಮಿಗೆ ಎಳೆದೊಯ್ದರು. ಕೆಂಚಿಯನ್ನು ಒಯ್ಯಲು ಅವರ ಕೈಲಿ ಆಗಲಿಲ್ಲ. ಗೋದಾಮಿನಲ್ಲಿ ಮೊದಲು ಬೆನ್ನಿಗೆ ಹೊಡೆದರು. ಆಮೇಲೆ ಪಂಚಾಕ್ಷರಯ್ಯ, "ಇವನ ಕೈಗೆ ಸೊಕ್ಕು ಬಂದೈತಿ, ಕೈ ನೋಡ್ರಿ," ಅಂದ. ಎಡಗೈಯನ್ನು ಅಂಡಿಗೆಯ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟು ಸುತ್ತಿಗೆಯ ಹಿಡಿಯಿಂದ ಜಜ್ಜಿದರು. ಎರಡು ಬೆರಳು ಮುರಿದವು. ಸುಂಕಪ್ಪ ಅರಚಿದ. ಅರಚಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಆರು ದಿನ ಕಳೆದರೂ ಕೆಂಚಿ ಕೇರಿಯಲ್ಲೇ, ಪಕೀರಮ್ಮನ ಗುಡಿಸಲ ಮುಂದೆ ನಿಂತಿತ್ತು. ಅದಕ್ಕೆ ಕಟ್ಟಿಲ್ಲ, ಗೂಟವಿಲ್ಲ. ಸಾಹುಕಾರರ ಮನೆಯ ಆಳುಗಳು ಕೇರಿಯೊಳಗೆ ಕಾಲಿಡುವುದಿಲ್ಲ ಎಂದರು. ಕಳ್ಳತನದ ದೂರು ಕೊಡುತ್ತೇನೆಂದು ಪಂಚಾಕ್ಷರಯ್ಯ ದೂರದಿಂದ ಕೂಗಿದ. "ಕಟ್ಟಿಲ್ಲಪ್ಪೋ, ನಿನ್ನ ಕುದುರಿ ನೀನು ಹೊಡಕೊಂಡು ಹೋಗು," ಎಂದು ಪಕೀರಮ್ಮ ಕೂಗಿದಳು. ಹಳೇ ಗಾಯ ನೆನಪಾಗಿ ಅವನು ಭುಜ ತಿಕ್ಕಿಕೊಂಡ.

ಗುರುವಾರ ಮಧ್ಯಾಹ್ನ ಕೊಟ್ರಬಸಪ್ಪ ತಾನೇ ಬಂದ. ಕಾರು ಕೇರಿಯ ಹೊರಗೆ ನಿಂತಿತು. ಪಂಚೆಯ ಅಂಚು ಎತ್ತಿ ಹಿಡಿದು, ಚರಂಡಿ ದಾಟಿ, ಗುಡಿಸಲಿನ ಹತ್ತು ಮಾರು ದೂರದಲ್ಲಿ ನಿಂತ. ಹೆಂಗಸರು, ಮುದುಕರು ಬಾಗಿಲಿಗೆ ಬಂದರು.

"ಸುಂಕಪ್ಪಾ," ಅಂದ. ಆ ಬಾಯಲ್ಲಿ ಆ ಹೆಸರು ಪೂರ್ತಿ ಬಂದದ್ದು ಅದೇ ಮೊದಲು. "ನಾಳೆ ಗಾಡಿ ಐತಿ. ಎಷ್ಟು ಬೇಕು ಹೇಳು."

ಸುಂಕಪ್ಪ ಗೋಡೆಗೆ ಒರಗಿ ಕೂತಿದ್ದ. ಎಡಗೈ ಹೊದ್ದ ಬಟ್ಟೆಯೊಳಗಿತ್ತು. ಎದ್ದು ನಿಲ್ಲಲಿಲ್ಲ.

"ರೊಕ್ಕ ಬ್ಯಾಡ್ರಿ. ಅವತ್ತು ಓಡಿಸಿದವ ಯಾರು? ಅಷ್ಟು ಹೇಳ್ರಿ."

ಕೊಟ್ರಬಸಪ್ಪ ಸುತ್ತ ನೋಡಿದ. ನೆರೆದವರೆಲ್ಲ ಮಾದಿಗರು. ಇವರ ಕಿವಿ ಕಿವಿಯಲ್ಲ, ಇವರ ಬಾಯಿ ಯಾವ ಕಟ್ಟೆಯ ಮೇಲೂ ಏರುವುದಿಲ್ಲ ಎಂದುಕೊಂಡನೋ ಏನೋ.

"ನೀನ," ಅಂದ.

"ಕೇಳಿಸ್ಲಿಲ್ರಿ," ಅಂದಳು ಪಕೀರಮ್ಮ.

"ನೀನs ಓಡಿಸಿದ್ದು! ನನ್ನ ಮಗ ಅಲ್ಲ! ಸಾಕಾ? ನಡಿ ಈಗ, ನಾಳೆ ಏರ್ಸು."

ಸುಂಕಪ್ಪ ಬಟ್ಟೆ ಸರಿಸಿ ಎಡಗೈ ಮುಂದೆ ಚಾಚಿದ. ಎರಡು ಬೆರಳು ಬದನೆಕಾಯಿಯಂತೆ ಊದಿ ಕಪ್ಪಾಗಿದ್ದವು. ಉಳಿದವು ಅಲ್ಲಾಡುತ್ತಿರಲಿಲ್ಲ.

"ಓಡಿಸಿದ ಕೈ ಇದ. ನಿಮ್ಮ ಗೋದಾಮಿನ್ಯಾಗ ನಿಮ್ಮವ್ರು ಜಜ್ಜ್ಯಾರ. ಈ ಕೈಯಿಂದ ಏರಸಾಕ ಆಗಂಗಿಲ್ಲ. ಚಲೋ ಇದ್ದಿದ್ರೂ ಏರಸ್ತಿರಲಿಲ್ಲ, ತಿಳ್ಕೋರಿ. ನಿಮ್ಮ ಕುದುರಿ ಅಲ್ಲೇ ನಿಂತೈತಿ. ಒಯ್ರಿ."

ಕೊಟ್ರಬಸಪ್ಪ ಕೈ ನೋಡಿದ. ಅವನಿಗೆ ಅದು ಗೊತ್ತಿರಲಿಲ್ಲ. ಅವನ ಮುಖದಲ್ಲಿ ಕರುಣೆ ಬಂತೆಂದು ತಿಳಿಯಬೇಡಿ. ಬಂದದ್ದು ನಷ್ಟವಾದವನ ಸಿಟ್ಟು. ತನ್ನ ಮಾಲನ್ನು ತನ್ನ ಆಳೇ ಕೆಡಿಸಿದನಲ್ಲ ಎಂಬ ಸಿಟ್ಟು. "ಪಂಚಾಕ್ಷರಯ್ಯಾ!" ಎಂದು ಕಾರಿನ ಕಡೆ ಅರಚಿದ. ಕೆಂಚಿಯ ಹಗ್ಗಕ್ಕೆ ತಾನೇ ಕೈ ಹಾಕಲು ಹೋದ. ಅದು ಕತ್ತು ತಿರುಗಿಸಿ ಅವನನ್ನು ನೋಡಿತು. ಕೈ ಹಿಂದಕ್ಕೆ ಬಂತು. ಚರಂಡಿ ದಾಟುವಾಗ ಒಂದು ಕಾಲು ಒಳಗೆ ಬಿತ್ತು. ಹೆಂಗಸರು ನಕ್ಕರು. ಸೆರಗು ಅಡ್ಡ ಇಡದೆ, ಹಲ್ಲು ಬಿಟ್ಟು ನಕ್ಕರು.

ಮುಂದಿನ ವಾರ ಕೆಂಚಿಯನ್ನು ಬಳ್ಳಾರಿಯವರು ಅರ್ಧ ಬೆಲೆಗೆ ಕೊಂಡು ಒಯ್ದರು. ಆವತ್ತು ಸುಂಕಪ್ಪ ಗುಡಿಸಲೊಳಗಿಂದ ಹೊರಗೆ ಬರಲಿಲ್ಲ. ಅವನ ಬೆರಳುಗಳು ಮತ್ತೆ ಎಂದೂ ಮಡಚಲಿಲ್ಲ. ಆದವಾನಿಯ ಯಾವ ಜಿನ್ನಿನಲ್ಲೂ ಕೆಲಸ ಸಿಗದೆ ತಾಯಿ ಮಗ ಕೋಸಗಿಯ ಕಡೆ ಕಲ್ಲು ಒಡೆಯಲು ಹೋದರು. ಸುಂಕಪ್ಪ ಜಾಕಿ ಆಗಲಿಲ್ಲ. ಚಂದ್ರಣ್ಣನೂ ಆಗಲಿಲ್ಲ. ಅವನು ತುಪ್ಪ ತಿನ್ನಲು ಶುರು ಮಾಡಿದ, ಅಷ್ಟೆ.

ಆದರೆ ಕೊಟ್ರಬಸಪ್ಪ ಬಂದುಹೋದ ಮರುದಿನ, ಆ ಶುಕ್ರವಾರ, ಅವರೆಲ್ಲ ಇನ್ನೂ ಇಲ್ಲೇ ಇದ್ದರು. ಹೊತ್ತೇರಿತ್ತು. ಸುಂಕಪ್ಪ ಬಲಗೈಯಿಂದ ಕೆಂಚಿಗೆ ಹುಲ್ಲು ಹಾಕುತ್ತಿದ್ದ. ಸ್ಟೇಷನ್ನಿನ ಕಡೆಯಿಂದ ಗಾಡಿ ಕೂಗಿತು. ಪಕೀರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮಗನ ಬೆನ್ನು ನೋಡಿದಳು.

"ಹೋತು ನೋಡೋ ಮದ್ರಾಸ್ ಗಾಡಿ."

"ಹೋಗ್ಲಿ ಬಿಡು ಯವ್ವಾ," ಅಂದ ಸುಂಕಪ್ಪ. "ಅದರಾಗ ಓಡ್ಸೋರು ಯಾರೂ ಕುಂತಿಲ್ಲ."